ಖಾರ ಕೇಳಿ ಕುಟ್ತೀವಿ

ಟ್ಯಾಗ್‌ಲೈನ್ ಬರೆಯೋದೇ ನನ್ನ ಹೊಟ್ಟೆಪಾಡು. ಬೆಂಗಳೂರಿನ ಆಫೀಸಿನಲ್ಲಿ ಮೂರು ಪದಕ್ಕೆ ಮೂರು ವಾರ ಮೀಟಿಂಗ್ ನಡೆದದ್ದೂ ಉಂಟು. ಹೀಗಿರುವಾಗ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಿಂದ ಅತ್ತೆ ಫೋನ್ ಮಾಡಿ, "ನನ್ ಶೇಂಗಾ ಚಟ್ನಿಪುಡಿಗೆ ಒಂದ್ ಸಾಲು ಬರ್ಕೊಡಪ್ಪಾ, ಸೋಮವಾರ ಲೇಬಲ್ ಪ್ರಿಂಟಿಗೆ ಕೊಡ್ಬೇಕು" ಅಂದಾಗ ನಗು ಬಂತು. ಮಾವ ಕೆಲಸ ಬಿಟ್ಟ ಮೇಲೆ ಮನೆ ಸಾಲದ ಕಂತು ಕಟ್ಟುತ್ತಿರೋದು ಆ ಪುಡಿಯೇ ಅಂತ ನೆನಪಾಗಿ ನಗು ಅಲ್ಲೇ ನಿಂತಿತು.

ಅವರೇ ಯೋಚಿಸಿಟ್ಟಿದ್ದು 'ಅಮ್ಮನ ಕೈರುಚಿ'. ಇದು ಉಪ್ಪಿನಕಾಯಿಗೂ ಕೂರುತ್ತೆ, ಹಪ್ಪಳಕ್ಕೂ ಕೂರುತ್ತೆ. ನನ್ನ ಪರೀಕ್ಷೆ ಸರಳ: ಸಾಲನ್ನು ಪಕ್ಕದ ಅಂಗಡಿ ಬೋರ್ಡಿಗೆ ನೇತುಹಾಕಿ ನೋಡ್ತೀನಿ. ಅಲ್ಲೂ ಒಪ್ಪಿದರೆ ಅದು ನಮ್ಮದಲ್ಲ. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಅಮುಲ್ ಜಾಹೀರಾತು ಮಾಡುವಾಗ 'ಅಟರ್ಲಿ' ಅಂದದ್ದು ಅವರ ಹೆಂಡತಿ ನಿಶಾ ಅಂತೆ. 'ಬಟರ್ಲಿ' ಆಮೇಲೆ ಸೇರಿತು. ಡಿಕ್ಷನರಿಯಲ್ಲಿಲ್ಲದ ಪದ, ಆದ್ರೆ ಬೆಣ್ಣೆ ಬಿಟ್ಟು ಇನ್ಯಾವುದಕ್ಕೂ ಅಂಟಲ್ಲ. ('ಇಂದು ನಗದು, ನಾಳೆ ಉದ್ರಿ' ಎಲ್ಲ ಅಂಗಡಿಗೂ ಹೊಂದುತ್ತಲ್ಲ ಅಂತೀರಾ? ಉದ್ರಿ ಕೇಳೋರೂ ಎಲ್ಲ ಅಂಗಡೀಲೂ ಇರ್ತಾರೆ, ಬಿಡಿ.)

ನಮ್ಮೂರಿಗೂ ಒಂದು ಟ್ಯಾಗ್‌ಲೈನ್ ಇತ್ತು: 'ಕರ್ನಾಟಕದ ಮ್ಯಾಂಚೆಸ್ಟರ್'. ಹತ್ತಿ ಗಿರಣಿಗಳ ಕಾಲದ್ದು. ಗಿರಣಿಗಳು ಮುಚ್ಚಿದವು, ಸಾಲು ಮಾತ್ರ ಕ್ವಿಜ್ ಪುಸ್ತಕಗಳಲ್ಲಿ ಉಳೀತು. ಈಗ ದಾವಣಗೆರೆ ಅಂದ್ರೆ ಬೆಂಗಳೂರಿನವರು ಕೇಳೋದು ಬೆಣ್ಣೆ ದೋಸೆ. ಅದಕ್ಕೆ ಯಾರೂ ಮೀಟಿಂಗ್ ಮಾಡಿರಲಿಲ್ಲ.

ಶನಿವಾರ ಊರಿಗೆ ಹೋದೆ. ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು, ತೂಕ, ತಾರೀಖು ಎಲ್ಲ ಕೂತು ಉಳಿದದ್ದು ಬೆರಳಗಲ ಜಾಗ. ನಾನು ಪೆನ್ನು ಮುಟ್ಟದೆ ಅಡುಗೆಮನೆ ಬಾಗಿಲಲ್ಲಿ ಕೂತು ಅತ್ತೆಯ ಫೋನ್ ಮಾತು ಕೇಳಿಸಿಕೊಂಡೆ. ಆರ್ಡರ್ ಕೊಡೋ ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ: "ಖಾರ ಎಷ್ಟಿರ್ಲಿ? ಮನೇಲಿ ಸಣ್ಣ ಮಕ್ಳು ಅದಾವೇನು?" ಉತ್ತರ ಬಂದ ಮೇಲೇ ಒರಳಿಗೆ ಮೆಣಸಿನಕಾಯಿ ಬೀಳೋದು.

'ಖಾರ ಕೇಳಿ ಕುಟ್ತೀವಿ' ಅಂತ ಬರೆದು ಮುಂದಿಟ್ಟೆ. ಅತ್ತೆ ಎರಡು ಸಲ ಓದಿದ್ರು.

"ಚೆನ್ನಾಗೈತೆ. ಆದ್ರೆ ಇದನ್ನ ಬರ್ದ್ ಮೇಲೆ ಕೇಳ್ಲೇಬೇಕಲ್ಲಪ್ಪಾ. ಇನ್ನೂರು ಪಾಕೀಟು ಆರ್ಡರ್ ಬಂದ್ರೆ?"

ಇಷ್ಟು ವರ್ಷದಲ್ಲಿ ಯಾವ ಕ್ಲೈಂಟೂ ನನ್ನ ಕೇಳದ ಪ್ರಶ್ನೆ ಇದು. ಅವರು ಕೇಳೋದು ಅಕ್ಷರದ ಸೈಜು, ಬಣ್ಣ. ಬೇಕಾದ್ರೆ ಬೇರೆ ಸಾಲು ನೋಡೋಣ ಅಂದೆ. ಅತ್ತೆ ಚೀಟಿ ವಾಪಸ್ ಕೊಡಲಿಲ್ಲ.

"ಖಾರ, ಸಾಧಾರಣ, ಸಪ್ಪೆ. ಮೂರೇ ಇಡು" ಅಂದ್ರು ಮಾವ, ಪೇಪರ್‌ನಿಂದ ತಲೆ ಎತ್ತದೆ.

"ನಿಮ್ಗೇನ್ರೀ, ಒರಳು ಮೂರ್ ಸಲ ತೊಳ್ದು ಒಣಗ್ಸೋಳು ನಾನು." ಅತ್ತೆ ಸುಮ್ಮನೆ ಕೂತು ಶೇಂಗಾ ಸಿಪ್ಪೆ ಊದಿದ್ರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಅಂದ್ರು: "ಸಪ್ಪೇದು ಮೊದ್ಲು ಕುಟ್ಟಿ, ಖಾರದ್ದು ಕೊನೇಗೆ ಕುಟ್ಟಿದ್ರೆ ನಡುವೆ ತೊಳ್ಯೋದೇ ಬೇಡ. ಕೊಟ್ಬಿಡು ಪ್ರಿಂಟಿಗೆ."