ಹೂ ಕೊಯ್ದಾದ ಮೇಲೆ ಕಷಾಯ

ಆಯಿಯ ದನಿ ಬದಲಾಗಿದೆ ಎಂದು ಮೊದಲು ಹೇಳಿದವಳು ನನ್ನ ಮಗಳು. ಶಿರಸಿಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದ ಅವಳು ಪ್ರತಿ ಭಾನುವಾರ ಸಂಜೆ ವಾನಳ್ಳಿಯ ಮನೆಗೆ ಫೋನು ಮಾಡಿ ಅಜ್ಜಿಯೊಡನೆ ಹರಟುವುದು ರೂಢಿ. ಒಂದು ದಿನ ಫೋನು ಇಟ್ಟವಳೇ, "ಅಪ್ಪಾ, ಅಜ್ಜಿ ದನಿ ಕರಕರ ಕೇಳ್ತು. ಒಂದು ಮಾತು ಹೇಳಲೂ ರಾಶಿ ಹೊತ್ತು ತಗಳ್ತು" ಎಂದಳು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆಯೆತ್ತದೆ, "74 ವರ್ಷ ಆತಲೇ, ವಯಸ್ಸಾತು" ಎಂದುಬಿಟ್ಟೆ.

ಈ 'ವಯಸ್ಸಾಯಿತು' ಎಂಬ ಮಾತು ಬಹಳ ಅನುಕೂಲದ್ದು. ಅದನ್ನು ಆಡಿದ ಮೇಲೆ ಮುಂದಿನ ಪ್ರಶ್ನೆ ಕೇಳಬೇಕಾಗಿಲ್ಲ. ಆಯಿ ಏಪ್ರಿಲ್ ತಿಂಗಳ ಸೆಕೆಯಲ್ಲಿ ಕಂಬಳಿ ಹೊದ್ದು ಬಚ್ಚಲ ಒಲೆಯ ಮುಂದೆ ಕೂತರೆ ವಯಸ್ಸಾಯಿತು. ಎರಡು ದಿನ ಹೊಟ್ಟೆ ಕಳೆಯದಿದ್ದರೆ ವಯಸ್ಸಾಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ಅಣ್ಣ, "ಅರಳುಮರಳು ಶುರುವಾತು" ಎಂದು ನಕ್ಕ. ಮುಖ ಊದಿಕೊಂಡಿದ್ದನ್ನು ನೋಡಿ ನೆಂಟರು ಮೈ ಕೈ ತುಂಬಿಕೊಂಡಿದ್ದಾರೆ ಎಂದು ಸಂತೋಷಪಟ್ಟರು. ಜನ್ಮವಿಡೀ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಮಜ್ಜಿಗೆ ಅನ್ನ ಉಣ್ಣದವಳು ನಾಲಿಗೆ ಉರಿಯುತ್ತದೆ ಎಂದು ಮಿಡಿಯನ್ನು ಬಾಳೆಯ ಅಂಚಿಗೆ ಸರಿಸತೊಡಗಿದಳು. ಒಂದು ಬೆಳಿಗ್ಗೆ ತೋಟದಿಂದ ಬಂದವಳ ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಇನ್ನೊಂದು ಎಲ್ಲಿ ಬಿತ್ತೆಂದು ಕೇಳಿದರೆ, ಬಿದ್ದದ್ದೇ ಅವಳಿಗೆ ಗೊತ್ತಿರಲಿಲ್ಲ.

ತರಗತಿಯಲ್ಲಿ ಹುಡುಗನೊಬ್ಬ ತೂಕಡಿಸಿದರೆ ರಾತ್ರಿ ಊಟ ಮಾಡಿದ್ದೀಯಾ, ನಿದ್ದೆ ಆಗಿದೆಯಾ ಎಂದು ವಿಚಾರಿಸುವ ಮಾಸ್ತರು ನಾನು. ಹೆತ್ತ ತಾಯಿಯ ವಿಷಯದಲ್ಲಿ ಅಷ್ಟೂ ಕೇಳಲಿಲ್ಲ. ಕೊನೆಗೆ ಮಗಳೇ ತನ್ನ ಜೀವಶಾಸ್ತ್ರದ ಪುಸ್ತಕದಲ್ಲಿ ಥೈರಾಯ್ಡಿನ ಪಾಠ ತೆರೆದು ಮೇಜಿನ ಮೇಲಿಟ್ಟು ಹೋದಳು.

ಆಯಿಯನ್ನು ಶಿರಸಿಗೆ ಕರೆತರುವುದೇ ಒಂದು ಸಾಹಸವಾಯಿತು. "ಯಂಗೆಂತದೂ ಆಜಿಲ್ಲೆ" ಎಂಬುದು ಅವಳ ಪಟ್ಟು. ಡಾಕ್ಟರಮ್ಮ ನಾಡಿ ಎಣಿಸಿದರು, ನಿಮಿಷಕ್ಕೆ 54. ನಾಲಿಗೆ ನೋಡಿದರು, ನುಣ್ಣಗೆ ಕೆಂಪಗಿತ್ತು. ಕವಲುಳ್ಳ ಕಬ್ಬಿಣವೊಂದನ್ನು ಮಿಡಿದು ಕಾಲಿನ ಗಂಟಿಗೆ ಒತ್ತಿ, "ಗುಂಯ್ ಅನ್ನೋದು ಗೊತ್ತಾಗ್ತದಾ ಅಮ್ಮಾ?" ಎಂದು ಕೇಳಿದರು. ಆಯಿ ಇಲ್ಲವೆಂದು ತಲೆಯಾಡಿಸಿದಳು. ಆಗ ನನಗೆ ಚಪ್ಪಲಿ ನೆನಪಾಯಿತು.

ರಕ್ತದ ವರದಿ ಬಂತು. ಟಿಎಸ್‌ಎಚ್ 38. ಸಾಮಾನ್ಯವಾಗಿ ಅದು 4ರ ಆಸುಪಾಸಿನೊಳಗೆ ಇರಬೇಕು, ವಯಸ್ಸಾದವರಿಗೆ ತುಸು ಹೆಚ್ಚಿದ್ದರೂ ನಡೆಯುತ್ತದೆ. ಬಿ-12 ಇದ್ದದ್ದು 130, ಇರಬೇಕಾದದ್ದು 200ಕ್ಕೂ ಮೇಲೆ. ಡಿ ವಿಟಮಿನ್ 11, ಇರಬೇಕಾದದ್ದು ಕಡೇಪಕ್ಷ 20. ಥೈರಾಯ್ಡ್ ಕಡಿಮೆ ಎನ್ನುತ್ತಾರೆ, ಅಂಕಿ ನೋಡಿದರೆ ಹೆಚ್ಚಿದೆಯಲ್ಲ ಎಂದು ನಾನು ಗೊಂದಲಕ್ಕೆ ಬಿದ್ದೆ. ಡಾಕ್ಟರಮ್ಮ ಬಿಡಿಸಿ ಹೇಳಿದರು. ಟಿಎಸ್‌ಎಚ್ ಎಂಬುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಕೆಲಸಕ್ಕೆ ಕರೆಯುವ ಕೂಗು. ಕೆಳಗಿನ ತೋಟದಲ್ಲಿದ್ದವರು ಓಗೊಡದಿದ್ದರೆ ಮನೆಯಂಗಳದಲ್ಲಿ ನಿಂತವರು ಇನ್ನಷ್ಟು ಗಟ್ಟಿಯಾಗಿ ಕೂಗುತ್ತಾರಲ್ಲ, ಹಾಗೆ.

ನನ್ನ ಮೊದಲ ಅನುಮಾನ ಉಪ್ಪಿನ ಮೇಲೆ. ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪೇ ಆಗಬೇಕು. ಅಯೋಡಿನ್ ಇಲ್ಲದ ಉಪ್ಪಿನಿಂದ ಗಳಗಂಡ ಬರುವುದು, ಅದಕ್ಕಾಗಿ ಸರಕಾರ 1962ರಲ್ಲೇ ಕಾರ್ಯಕ್ರಮ ಆರಂಭಿಸಿದ್ದು ಇವನ್ನೆಲ್ಲ ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ಅಡುಗೆಗೆ ವರ್ಷಗಳಿಂದ ಪೊಟ್ಟಣದ ಅಯೋಡಿನ್ ಉಪ್ಪೇ ಬರುತ್ತಿತ್ತು. ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಕಾರಣ ಎಂದರು. ದೇಹದ ರಕ್ಷಣಾ ಶಕ್ತಿಯೇ ತಪ್ಪು ತಿಳಿದು ಥೈರಾಯ್ಡನ್ನು ಹಾಳುಗೆಡವುತ್ತದೆ. ಜಪಾನಿನ ಹಶಿಮೊಟೊ ಎಂಬ ವೈದ್ಯ 1912ರಲ್ಲಿ ಇದನ್ನು ವಿವರಿಸಿದ. ಅದಕ್ಕೆ ಹೆಚ್ಚು ಉಪ್ಪು ತಿಂದು ಪ್ರಯೋಜನವಿಲ್ಲ, ರಕ್ತದೊತ್ತಡ ಏರುತ್ತದೆ ಅಷ್ಟೆ.

ಬಿ-12ರ ಕೊರತೆಯಲ್ಲಿ ನನ್ನ ಪಾಲೂ ಇತ್ತು. ಈ ವಿಟಮಿನ್ನನ್ನು ಯಾವ ಗಿಡವೂ ಮಾಡುವುದಿಲ್ಲ, ಮಾಡುವುದು ಬ್ಯಾಕ್ಟೀರಿಯಾ. ದನದ ಹೊಟ್ಟೆಯಲ್ಲಿ ಅವು ಮಾಡಿದ್ದು ಹಾಲಿಗೆ ಇಳಿದು ನಮ್ಮಂಥ ಸಸ್ಯಾಹಾರಿಗಳಿಗೆ ಸಿಗುತ್ತದೆ. ಒಂದೆಲಗದ ತಂಬುಳಿಯಲ್ಲಿ ಬಿ-12 ಇದ್ದರೆ ಅದು ಮಜ್ಜಿಗೆಯದು, ಎಲೆಯದಲ್ಲ. ಆಯಿಯಾದರೋ ಗಟ್ಟಿ ಮೊಸರನ್ನು ಮಕ್ಕಳು ಮೊಮ್ಮಕ್ಕಳಿಗೆ ಬಡಿಸಿ ತಾನು ನೀರುಮಜ್ಜಿಗೆಯಲ್ಲಿ ಮುಗಿಸಿದವಳು. ಅದರ ಮೇಲೆ ಗ್ಯಾಸಿನ ಮಾತ್ರೆ. ಆಹಾರದೊಳಗಿನ ಬಿ-12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ವಯಸ್ಸಾದಂತೆ ಹಲವರಲ್ಲಿ ಆಮ್ಲ ತಾನೇ ಕಡಿಮೆಯಾಗುತ್ತದೆ. ಇದ್ದುದನ್ನೂ ಅಡಗಿಸುವ ಮಾತ್ರೆಯನ್ನು ಯಾರ ಚೀಟಿಯೂ ಇಲ್ಲದೆ ಅಂಗಡಿಯಿಂದ ಕೊಂಡು ಐದು ವರ್ಷ ಊರಿಗೆ ಒಯ್ದವನು ನಾನು. ಬಸ್ ಇಳಿದು ಚೀಲದಿಂದ ತೆಗೆದು ಕೊಟ್ಟಾಗ ಅವಳು ಎಷ್ಟು ಖುಷಿಯಿಂದ ಇಸಿದುಕೊಳ್ಳುತ್ತಿದ್ದಳು!

ಚಿಕಿತ್ಸೆ ಶುರುವಾಯಿತು. ಬಿ-12ಕ್ಕೆ ದಿನ ಬಿಟ್ಟು ದಿನ ಚುಚ್ಚುಮದ್ದು, ಮುಂದೆ ತಿಂಗಳಿಗೊಂದು. ಥೈರಾಯ್ಡಿಗೆ 25 ಮೈಕ್ರೋಗ್ರಾಮಿನ ಚಿಕ್ಕ ಮಾತ್ರೆ. ಇಷ್ಟು ದಿನ ನಿಧಾನವಾಗಿ ಬಡಿದು ರೂಢಿಯಾದ ಹೃದಯವನ್ನು ಒಮ್ಮೆಲೇ ಓಡಿಸಬಾರದು ಎಂದು ಕಡಿಮೆಯಿಂದಲೇ ಆರಂಭ. ಪಕ್ಕದ ಮನೆಯವರು ತಮ್ಮಲ್ಲಿ ಉಳಿದ 100ರ ಮಾತ್ರೆ ತಂದು ಕೊಡಲು ಬಂದಿದ್ದರಂತೆ, ಅತ್ತಿಗೆ ಕೈಮುಗಿದು ಕಳಿಸಿದಳು. ಅತ್ತಿಗೆ ಇಲ್ಲದಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತು. ಶಿರಸಿಯಲ್ಲಿ ಕೂತು ನಾನು ಮಾಡಿದ್ದು ಬರೀ ಫೋನು.

ಎಂಟು ವಾರದ ಮೇಲೆ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ 35. ನನಗೆ ನಿರಾಶೆ, ಅಣ್ಣನಿಗೆ ಮಾತ್ರೆಯ ಮೇಲೇ ಗುಮಾನಿ. ಮಾತ್ರೆ ತಪ್ಪದೆ ತಗೊಂಡಿದ್ದಾರೆ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಡಾಕ್ಟರಮ್ಮ ನನ್ನನ್ನು ಬಿಟ್ಟು ಆಯಿಯ ಕಡೆ ತಿರುಗಿದರು. "ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ ಅಮ್ಮಾ."

ಆಯಿ ವಿವರವಾಗಿ ಹೇಳಿದಳು. ಏಳುವುದು, ಮುಖ ತೊಳೆಯುವುದು, ಕೊತ್ತಂಬರಿ ಜೀರಿಗೆಯ ಕಷಾಯಕ್ಕೆ ಹಾಲು ಹಾಕಿ ಬಿಸಿ ಮಾಡುವುದು, ಆ ಕಷಾಯದೊಂದಿಗೆ ಥೈರಾಯ್ಡ್ ಮಾತ್ರೆ ನುಂಗುವುದು. ಮರೆಯಬಾರದೆಂದು ಮೂಳೆಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ಆಗಲೇ ನುಂಗುವುದು. "ಒಂದೇ ಸಲಕ್ಕೆ ಮುಗತ್ತು ಹೇಳಿ" ಎಂದಳು.

ಹಾಲು, ಕ್ಯಾಲ್ಸಿಯಂ, ಕಬ್ಬಿಣಾಂಶ ಇವು ಈ ಮಾತ್ರೆ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಏನನ್ನೂ ತಿನ್ನದೆ ಕುಡಿಯದೆ ಇರಬೇಕು. ಕ್ಯಾಲ್ಸಿಯಂಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಎರಡು ತಿಂಗಳು ಆಯಿ ಒಂದು ದಿನವೂ ತಪ್ಪಿಸದೆ ಔಷಧ ತೆಗೆದುಕೊಂಡಿದ್ದಳು, ಹೆಚ್ಚಿನಂಶ ಹಾಗೇ ಹೊರಟುಹೋಗಿತ್ತು.

ಆದರೆ 60 ವರ್ಷದಿಂದ ಎದ್ದ ಕೂಡಲೇ ಆಸರಿ ಕುಡಿದವಳನ್ನು ಗಂಟೆ ನೋಡಿಕೊಂಡು ಕಾಯಿ ಎಂದರೆ ಹೇಗೆ? ಗಡಿಯಾರದ ಅಲಾರಾಂ ಇಟ್ಟೆವು, ಅದಕ್ಕೆ ಅವಳೇ ಬೆಚ್ಚಿಬೀಳುತ್ತಿದ್ದಳು. ದಾರಿ ಹುಡುಕಿದ್ದು ಅತ್ತಿಗೆ. ಎದ್ದು ನೀರಿನೊಂದಿಗೆ ಮಾತ್ರೆ. ಆಮೇಲೆ ಪೂಜೆಗೆ ಹೂ ಕೊಯ್ಯುವುದು. ದಾಸವಾಳ, ನಂದಿಬಟ್ಟಲು, ಅಂಗಳದ ಕೆಳಗಿನ ಕರವೀರ ಎಂದು ಬುಟ್ಟಿ ತುಂಬಿಸಿ ಬರುವಾಗ ಮುಕ್ಕಾಲು ಗಂಟೆ ಆಗಿರುತ್ತದೆ. ಹೂ ಕೊಯ್ದಾದ ಮೇಲೆ ಕಷಾಯ. ಜಡಿಮಳೆಯ ದಿನ ಹೂವಿನ ಬದಲು ಮಜ್ಜಿಗೆ ಕಡೆಯುವುದು. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು. ಏಕಾದಶಿಯ ದಿನ ಮಾತ್ರೆ ನುಂಗಿದರೆ ಉಪವಾಸ ಕೆಡುವುದೇ ಎಂಬ ಪ್ರಶ್ನೆಗೆ ಅತ್ತಿಗೆಯ ಬಳಿ ಉತ್ತರ ಸಿದ್ಧವಿತ್ತು: ತೀರ್ಥ ತೆಗೆದುಕೊಂಡರೆ ಕೆಡುತ್ತದೆಯೇ?

ಇನ್ನೊಂದು ಪ್ರಶ್ನೆಯೂ ಬಂತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡಿನ ರಸವನ್ನು ಇಂಥದೇ ರೋಗಿಯೊಬ್ಬಳಿಗೆ ಚುಚ್ಚಿದ, ಆಕೆ ಆಮೇಲೆ 28 ವರ್ಷ ಬದುಕಿದಳು ಎಂದು ಮಗಳು ಉತ್ಸಾಹದಿಂದ ಕತೆ ಹೇಳಿದಳು. ಆಯಿ ಮಾತ್ರೆ ಕೆಳಗಿಟ್ಟು, "ಇದೂ ಕುರಿದನೇ?" ಎಂದಳು. ಈಗಿನದು ಕಾರ್ಖಾನೆಯಲ್ಲಿ ತಯಾರಾಗುವ ರಾಸಾಯನಿಕ ಎಂದು ಅವಳಿಗೆ ನಂಬಿಸುವಾಗ ಮೊಮ್ಮಗಳಿಗೆ ಸಾಕುಸಾಕಾಯಿತು.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಎಡವಿದ್ದು ನಾನು. ಡಿ ವಿಟಮಿನ್ನಿನದು 60,000 ಯೂನಿಟ್ಟಿನ ಗುಳಿಗೆ, ವಾರಕ್ಕೆ ಒಂದೇ, ಎಂಟು ವಾರ. ಅಡಿಕೆ ಮರದ ನೆರಳಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ ಬದುಕುವವರಿಗೆ ಬಿಸಿಲು ಸಿಗುವುದೇ ಕಷ್ಟ. ಎಳೆಬಿಸಿಲು ಮೈಗೆ ಹಿತ ನಿಜ, ಆದರೆ ಈ ವಿಟಮಿನ್ ಮಾಡಲು ಬೇಕಾದ ಕಿರಣ ಬರುವುದು ನಡುಹಗಲಿನ ಬಿಸಿಲಲ್ಲಿ. ಆ ಗುಳಿಗೆಯ ಹಾಳೆಯನ್ನು ನಾನು ಏನೂ ಬರೆಯದೆ ಉಳಿದ ಮಾತ್ರೆಗಳ ಡಬ್ಬಿಗೇ ಹಾಕಿ ಬಂದಿದ್ದೆ. ಅತ್ತಿಗೆ ತವರಿಗೆ ಹೋಗಿದ್ದ ನಾಲ್ಕು ದಿನ ಆಯಿ ದಿನಕ್ಕೊಂದರಂತೆ ನುಂಗಿದ್ದಳು. ಅತ್ತಿಗೆ ಬಂದು ಎಣಿಸಿದಾಗಲೇ ಗೊತ್ತಾದದ್ದು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಈ ವಿಟಮಿನ್ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು. ಕ್ಯಾಲ್ಸಿಯಂ ಪರೀಕ್ಷೆ ಸರಿಯಾಗಿ ಬಂತು, ನಾಲ್ಕು ದಿನಕ್ಕೆ ತಿಳಿದದ್ದು ಪುಣ್ಯ ಎಂದರು. ಈಗ ಆ ಗುಳಿಗೆ ಬೇರೆ ಡಬ್ಬಿಯಲ್ಲಿ, ಮುಚ್ಚಳದ ಮೇಲೆ 'ಸೋಮವಾರ' ಎಂದು ಮಗಳ ದಪ್ಪ ಅಕ್ಷರ.

ಮುಂದಿನ ಪರೀಕ್ಷೆಗಳಲ್ಲಿ ಅಂಕಿ ಇಳಿಯುತ್ತ ಬಂದು, 50ರ ಮಾತ್ರೆಯಲ್ಲಿ 5ಕ್ಕೆ ನಿಂತಿದೆ. ದನಿ ತಿರುಗಿ ಬಂತು. ಉಪ್ಪಿನಕಾಯಿ ಬಾಳೆಯ ನಡುವಿಗೆ ಬಂತು. ಕಾಲಿನ ಜೋಮು ಅರ್ಧ ಉಳಿದಿದೆ. ನರಕ್ಕೆ ಆದ ಪೆಟ್ಟು ತಡವಾದರೆ ಪೂರ್ತಿ ಮಾಯುವುದಿಲ್ಲವಂತೆ, ಆ ತಡ ನಮ್ಮದು. ನೆಂಟರ ಹೆಸರು ಈಗಲೂ ಒಮ್ಮೊಮ್ಮೆ ತಪ್ಪುತ್ತದೆ.

ಮೊನ್ನೆ ಯಲ್ಲಾಪುರದಲ್ಲಿರುವ ತಂಗಿ ಫೋನಿನಲ್ಲಿ ಅತ್ತಿಗೆಯೊಡನೆ ಮಾತಾಡುತ್ತಿದ್ದಳು. ಸುಸ್ತು, ಕೂದಲು ಉದುರುತ್ತಿದೆ, 50 ದಾಟಿತಲ್ಲ ಎಂದೇನೋ ಅಂದಳಂತೆ. ಮಜ್ಜಿಗೆ ಕಡೆಯುತ್ತಿದ್ದ ಆಯಿ ಕೈ ಒರೆಸಿಕೊಂಡು ಬಂದು ಫೋನು ಇಸಿದುಕೊಂಡಳು. "ವಯಸ್ಸಾತು ಹೇಳಿ ಸುಮ್ನೆ ಕೂರಡ. ನಾಳೆ ಬೆಳಿಗ್ಗೆ ಹೋಗಿ ರಕ್ತ ಕೊಟ್ಟಿಕ್ಕಿ ಬಾ."