ಧಾತುವಿನ ಬೆನ್ನು ಹಿಡಿದು

ಕನ್ನಡ ಪಂಡಿತನಾದವನಿಗೆ ಹೀಬ್ರೂ ಭಾಷೆಯ ಗೊಡವೆ ಏಕೆಂದು ಸಹೋದ್ಯೋಗಿ ಮಿತ್ರರು ಕೇಳುವುದುಂಟು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಕೃಷಿವಿಜ್ಞಾನದ ವ್ಯಾಸಂಗಕ್ಕಾಗಿ ಇಸ್ರೇಲಿಗೆ ಹೋಗಿ ಮರಳುವಾಗ ಅಲ್ಲಿಯ ಮಕ್ಕಳ ಪಾಠಪುಸ್ತಕವೊಂದನ್ನು ನನಗೆಂದು ತಂದಿತ್ತನು. "ಗುರುಗಳೇ, ಇದರಲ್ಲಿಯೂ ಧಾತುಪಾಠವಿದೆ" ಎಂದಷ್ಟೇ ಅವನು ಹೇಳಿದುದು. ವಿದ್ವತ್ ಪರೀಕ್ಷೆಗಾಗಿ ಕೇಶಿರಾಜನ ಶಬ್ದಮಣಿದರ್ಪಣದ ಧಾತುಪ್ರಕರಣವನ್ನು ಕಂಠಪಾಠ ಮಾಡಿದವನಿಗೆ ಆ ಮಾತು ಸಾಕಾಯಿತು.

ಐವತ್ತು ದಾಟಿದ ಮೇಲೆ ಕಂಠಪಾಠದ ಶಕ್ತಿ ಕುಂದುತ್ತದೆ. ರಾತ್ರಿ ಉರು ಹೊಡೆದ ಇಪ್ಪತ್ತು ಶಬ್ದಗಳಲ್ಲಿ ಬೆಳಗಿನ ವೇಳೆಗೆ ಎಂಟು ಉಳಿದರೆ ಪುಣ್ಯ. ಅಕ್ಷರಗಳು ಇಪ್ಪತ್ತೆರಡೇ, ಆದರೆ ಎಲ್ಲವೂ ವ್ಯಂಜನಗಳು, ಬರೆವಣಿಗೆ ಬಲದಿಂದ ಎಡಕ್ಕೆ. ಸ್ವರಗಳನ್ನು ಸೂಚಿಸುವ ಚುಕ್ಕೆಗಳು ಮಕ್ಕಳ ಪುಸ್ತಕದಲ್ಲಿವೆ. ದೊಡ್ಡವರು ಓದುವ ದಿನಪತ್ರಿಕೆಯಲ್ಲಿ ಸಾಮಾನ್ಯವಾಗಿ ಇಲ್ಲ. ಕಾಗುಣಿತದ ಸುಖದಲ್ಲಿ ಬೆಳೆದ ನಮಗೆ ಇದು ಎಲುಬಿನ ಹಂದರವನ್ನು ನೋಡಿ ಆಳನ್ನು ಗುರುತಿಸಿದಂತೆ. ಗುರುತಿಸಲು ಸಾಧ್ಯವಾಗುವುದು ಧಾತುವಿನ ಬಲದಿಂದಲೇ.

ಹೀಬ್ರೂ ಧಾತುವೆಂದರೆ ಸಾಮಾನ್ಯವಾಗಿ ಮೂರು ವ್ಯಂಜನಗಳು. ಅದಕ್ಕೆ ಅವರಿಟ್ಟ ಹೆಸರು 'ಶೋರೆಶ್', ಎಂದರೆ ಬೇರು. ಮರದ ಬೇರಿಗೂ ಅದೇ ಮಾತು. ಕ್ರಿಯಾಧಾತುಗಳೆಲ್ಲವೂ ತ್ರ್ಯಕ್ಷರಗಳೆಂದು ಹತ್ತನೆಯ ಶತಮಾನದ ಕೊನೆಯಲ್ಲಿ ಸಾಧಿಸಿ ತೋರಿಸಿದವನು ಯೆಹೂದಾ ಹಯ್ಯೂಜ್ ಎಂಬ ವೈಯಾಕರಣ. ನಮ್ಮ ಕೇಶಿರಾಜನಿಗಿಂತ ಎರಡೂವರೆ ಶತಮಾನ ಹಿಂದಿನವನು. ಕನ್ನಡವು ಧಾತುವಿನ ಕೊನೆಗೆ ಪ್ರತ್ಯಯ ಹಚ್ಚುತ್ತದೆ. ಹೀಬ್ರೂವಾದರೋ ವ್ಯಂಜನಗಳ ನಡುವೆ ಸ್ವರಗಳನ್ನು ಹುದುಗಿಸುತ್ತದೆ. 'ಕ್-ತ್-ಬ್' ಎಂದರೆ ಬರೆಯುವ ಕ್ರಿಯೆ. 'ಕತಾವ್' ಬರೆದನು, 'ಮಿಖ್ತಾವ್' ಅಂಚೆಯಲ್ಲಿ ಬರುವ ಕಾಗದ, ಅದರ ಮೇಲಿನ ವಿಳಾಸ 'ಕ್ತೋವೆತ್', ಪತ್ರಿಕೆಯ ವರದಿಗಾರ 'ಕತ್ತಾವ್', ನಮ್ಮ ತರಗತಿಯ ಉಕ್ತಲೇಖನ 'ಹಖ್ತಾವಾ'. ಐದು ಶಬ್ದಗಳನ್ನು ಐದಾಗಿ ಹೊರಬೇಕಾಗಿಲ್ಲ.

ನನಗೆ ಅತ್ಯಂತ ಹರ್ಷವಿತ್ತ ಧಾತು 'ಹ್-ಶ್-ಬ್'. 'ಹಶಾವ್' ಎಂದರೆ ಯೋಚಿಸಿದನು. 'ಹೆಶ್ಬೋನ್' ಎಂದರೆ ಶಾಲೆಯ ಅಂಕಗಣಿತ. ಭೋಜನಗೃಹದಲ್ಲಿ ಊಟವಾದ ಮೇಲೆ ಕೊಡುವ ಬಿಲ್ಲೂ ಅದೇ. ಗಣಕಯಂತ್ರ 'ಮಹ್ಶೇವ್'. ಯೋಚನೆಗೂ ಲೆಕ್ಕಕ್ಕೂ ಏನು ನಂಟೆಂದು ಹೊರಗಿನವರು ಬೆರಗಾಗಬಹುದು, ಕನ್ನಡಿಗನು ಬೆರಗಾಗಬೇಕಿಲ್ಲ. ಕಾಯಿಗಳನ್ನು ಎಣಿಸುವವರು ನಾವು. ಹೀಗಾದೀತೆಂದು ಎಣಿಸಿರಲಿಲ್ಲ ಎನ್ನುವವರೂ ನಾವೇ. ಸಂಬಂಧವೇ ಇಲ್ಲದ ಎರಡು ಭಾಷಾಕುಲಗಳು ಒಂದೇ ಭಾವವನ್ನು ಮುಟ್ಟಿರುವುದನ್ನು ಕಂಡ ರಾತ್ರಿ ನಾನು ಬಹಳ ಹೊತ್ತು ಪುಸ್ತಕ ಮುಚ್ಚಲಿಲ್ಲ.

ಆದರೂ ಧಾತುವನ್ನು ಕುರುಡಾಗಿ ನಂಬಲಾಗದು. 'ಸೇಫೆರ್' ಪುಸ್ತಕ, 'ಸಿಪ್ಪೂರ್' ಕಥೆ, 'ಮಿಸ್ಪಾರ್' ಸಂಖ್ಯೆ. 'ಸಪ್ಪಾರ್' ಎಂಬವನು ಮಾತ್ರ ಕ್ಷೌರಿಕ! ವ್ಯಂಜನಗಳು ಅವೇ ಮೂರು. ನಿಘಂಟುಕಾರರು ಕತ್ತರಿಸುವ ಈ ಧಾತುವನ್ನು ಬೇರೆಯೆಂದೇ ಎಣಿಸುತ್ತಾರೆ. ನಮ್ಮಲ್ಲಿಯೂ ತಿಳಿಯುವ 'ಅರಿ' ಬೇರೆ, ಕತ್ತರಿಸುವ 'ಅರಿ' ಬೇರೆ. ಹಳಗನ್ನಡದಲ್ಲಿ ಮೊದಲನೆಯದಕ್ಕೆ ಶಕಟರೇಫವಿದ್ದು ಭೇದ ಕಣ್ಣಿಗೆ ಕಾಣುತ್ತಿತ್ತು. ಆ ಅಕ್ಷರವನ್ನು ಬಿಟ್ಟು ನಾವು ಗಳಿಸಿದ್ದೇನೆಂಬುದು ನನಗಿನ್ನೂ ತಿಳಿಯದು.

ಕ್ರಿಸ್ತಶಕದ ಆದಿ ಶತಮಾನಗಳಲ್ಲಿ ಮನೆಮಾತಾಗಿ ನಿಂತುಹೋಗಿ, ಪ್ರಾರ್ಥನೆ ಪಾಂಡಿತ್ಯಗಳಲ್ಲಿ ಮಾತ್ರ ಬಾಳಿದ ಭಾಷೆಯಿದು. 1881ರಲ್ಲಿ ಜೆರುಸಲೇಮಿಗೆ ಬಂದ ಎಲಿಯೆಜೆರ್ ಬೆನ್ ಯೆಹೂದಾ, ಮರುವರ್ಷ ಹುಟ್ಟಿದ ಮಗನನ್ನು ಹೀಬ್ರೂ ಒಂದರಲ್ಲಿಯೇ ಬೆಳೆಸಿದನು. ಆಟದ ಸಾಮಾನಿಗೂ ಅಡುಗೆಮನೆಗೂ ಮಾತು ಬೇಕಾದಾಗ ಶಬ್ದಗಳನ್ನು ಟಂಕಿಸಿದನು. ಪದಕ್ಕೆ 'ಮಿಲ್ಲಾ' ಎಂದಿದ್ದುದರಿಂದ ನಿಘಂಟಿಗೆ 'ಮಿಲ್ಲೋನ್' ಎಂಬ ಹೆಸರನ್ನು ಕೊಟ್ಟವನು ಅವನೇ. 1953ರಲ್ಲಿ ಸ್ಥಾಪಿತವಾದ ಹೀಬ್ರೂ ಭಾಷಾ ಅಕಾಡೆಮಿಯು ಆ ಕಾರ್ಯವನ್ನು ಇಂದಿಗೂ ನಡೆಸುತ್ತಿದೆ. ಪಾರಿಭಾಷಿಕ ಶಬ್ದವೆಂದೊಡನೆ ಸಂಸ್ಕೃತದ ಕಡೆಗೆ ಕೈಚಾಚುವ ನಾವು, 'ಎಣಿಸು' ಎಂಬ ನಮ್ಮದೇ ಧಾತುವಿನಿಂದ ಒಂದು ಯಂತ್ರದ ಹೆಸರನ್ನಾದರೂ ಬಳಕೆಗೆ ತಂದೆವೆ? ಸಂಸ್ಕೃತವನ್ನೇ ಉಂಡು ಬೆಳೆದ ನಾನು ಈ ಮಾತನ್ನು ಹಗುರವಾಗಿ ಆಡುತ್ತಿಲ್ಲ.

ಹೀಬ್ರೂವಿನ ಸೋದರಿ ಅರಬ್ಬೀ. ಆಡಳಿತದ ಮೂಲಕ, ಪಾರಸಿಯ ಬಾಗಿಲಿನಿಂದ, ಅದರ ಧಾತುಗಳು ನಮ್ಮ ಮನೆಯಂಗಳಕ್ಕೇ ಬಂದಿವೆ. ನಮ್ಮ 'ಹಿಸಾಬು' ಮೇಲೆ ಹೇಳಿದ 'ಹೆಶ್ಬೋನ್' ಶಬ್ದದ ದಾಯಾದಿ. ದುಡಿಮೆಗೆ ಹೀಬ್ರೂವಿನಲ್ಲಿ 'ಅಮಾಲ್'. ಅರಬ್ಬಿಯ ಅದೇ ಧಾತುವಿನಿಂದ ಮೈಸೂರು ಸೀಮೆಗೆ ಅಮಲ್ದಾರ, ಮುಂಬಯಿ ಕರ್ನಾಟಕಕ್ಕೆ ಮಾಮಲೇದಾರ, ಎರಡು ಸೀಮೆಗೂ ಸಮಾನವಾಗಿ 'ಮಾಮೂಲು'. ದುಡಿಮೆಯ ಧಾತುವಿನಿಂದ ದುಡಿಯದೆ ಬರುವ ಹಣಕ್ಕೆ ಹೆಸರು ಬಂದುದು ಕಾಲದ ವಿನೋದ.

ನಮ್ಮ ತರಗತಿಗಳಿಂದ ಧಾತು ಮರೆಯಾಗಿದೆ. ಪದ ಒಂದು ಕಡೆ, ಅರ್ಥ ಒಂದು ಕಡೆ ಬರೆದ ಪಟ್ಟಿಯನ್ನು ಪರೀಕ್ಷೆಯವರೆಗೆ ಹೊತ್ತು, ಮುಗಿದೊಡನೆ ಇಳಿಸಿಬಿಡುತ್ತಾರೆ. ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಹಾಜರಿ ಕರೆಯುವ ಮುನ್ನ ಕರಿಹಲಗೆಯ ಮೇಲೆ 'ಹಾಜರು, ಹುಜೂರು, ಮಹಜರು' ಎಂದು ಬರೆದು, ಮೂರಕ್ಕೂ ಸಾಮಾನ್ಯವಾದುದೇನೆಂದು ಕೇಳಿದೆನು. ಸ್ವಲ್ಪ ಹೊತ್ತು ಯಾರೂ ಬಾಯಿ ತೆರೆಯಲಿಲ್ಲ. ಅನಂತರ ಹಿಂದಿನ ಬೆಂಚಿನ ಹುಡುಗನೊಬ್ಬನು, ವರ್ಷದಲ್ಲಿ ಅರ್ಧ ದಿನಗಳು ಹೊಲಕ್ಕೆ ಹೋಗುವವನು, ಎದ್ದು ನಿಂತು "ಮೂರರಲ್ಲಿಯೂ ಹ, ಜ, ರ ಇದೆ ಗುರುಗಳೇ, ನನ್ನ ಗೈರುಹಾಜರಿಯಲ್ಲಿಯೂ ಇದೆ" ಎಂದನು.