ಹದಿನಾಲ್ಕು ಇಂಚಿನ ಹಟ

ಕಳೆದ ಅಕ್ಟೋಬರಿನ ಒಂದು ಸಂಜೆ ಕೊಲಂಬಸ್ ಊರಿನ ಹೊರಗೆ, ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ, ನನ್ನ ಪುಟ್ಟ ಕೆಂಪು ಕಾರು ಬುಗುರಿಯ ಹಾಗೆ ಅರ್ಧ ಸುತ್ತು ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ವೇಗ ಹೆಚ್ಚೇನೂ ಇರಲಿಲ್ಲ. ತುಂತುರು ಮಳೆ ಬರುತ್ತಿತ್ತು, ಅಷ್ಟೇ. ಹಿಂದೆ ಯಾವ ಗಾಡಿಯೂ ಇಲ್ಲದ್ದು ನಮ್ಮ ಪುಣ್ಯ. ಪಕ್ಕದಲ್ಲಿ ಹದಿನಾರರ ಮಗಳಿದ್ದಳು. ಮೊದಲು ನಕ್ಕಳು, ಆಮೇಲೆ ಅತ್ತಳು.

ಕಾರು 1991ರ ಮಾಜ್ದಾ ಮಿಯಾಟಾ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಇದನ್ನು ಮೊದಲು ತೋರಿಸಿದಾಗ ಜನ ಮುಗಿಬಿದ್ದಿದ್ದರಂತೆ. ಎರಡೇ ಸೀಟು, 1.6 ಲೀಟರ್ ಎಂಜಿನ್ನು, ತೂಕ ಒಂದು ಟನ್ನಿನ ಆಸುಪಾಸು. ಗುಂಡಿ ಒತ್ತಿದರೆ ಕಪ್ಪೆಕಣ್ಣಿನ ಹಾಗೆ ದೀಪಗಳು ಮೇಲೇಳುತ್ತವೆ. ಕುದುರೆಯೂ ಸವಾರನೂ ಒಂದೇ ಆಗಬೇಕು ಎನ್ನುವುದು ಅದನ್ನು ಕಟ್ಟಿದವರ ಕಲ್ಪನೆ. ಎಂಟು ವರ್ಷದ ಹಿಂದೆ ಮುದುಕರೊಬ್ಬರಿಂದ ಕೊಂಡಾಗ ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾರ್ಖಾನೆಯಿಂದ ಬಂದ ಅದೇ ಏಳು ಕಡ್ಡಿಯ, ಹದಿನಾಲ್ಕು ಇಂಚಿನ ಚಕ್ರಗಳು.

ಆ ರಾತ್ರಿ ಅರಸೀಕೆರೆಗೆ ಫೋನು ಮಾಡಿದೆ. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು.

"ಟೈರ್ ಹೆಂಗಿದ್ವು?"

"ಬಟನ್ ಪೂರ್ತಿ ಇತ್ತಪ್ಪ."

"ಮತ್ತೆ?"

"ಹಳೇವು. ಹದಿನೈದು ವರ್ಷದ್ದು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನವುಗಳ ಮೇಲೆ 2309 ಎಂದಿತ್ತು. 2009ರ ಇಪ್ಪತ್ತಮೂರನೇ ವಾರ. ನನ್ನ ಮಗಳಿಗಿಂತ ಒಂದೇ ವರ್ಷ ಚಿಕ್ಕವು. ಬಟನ್ ಎಷ್ಟೇ ಇದ್ದರೂ ಹತ್ತು ವರ್ಷ ದಾಟಿದ ಟೈರು ಬೇಡ ಎಂದು ಟೈರು ಕಂಪನಿಗಳೇ ಹೇಳುತ್ತವೆ. ರಬ್ಬರು ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಇದೆಲ್ಲ ಓದಿಕೊಂಡಿದ್ದೆ. ಆದರೂ ಬದಲಾಯಿಸಿರಲಿಲ್ಲ. ಕಾರಣ, ಬೇಕಾದ ಅಳತೆಯಲ್ಲಿ ಮನಸ್ಸಿಗೆ ಒಪ್ಪುವ ಟೈರು ಸಿಕ್ಕಿರಲಿಲ್ಲ.

ಆ ಅಳತೆ 185/60 ಆರ್ 14. ಟೈರಿನ ಅಗಲ 185 ಮಿಲಿಮೀಟರು. ಪಕ್ಕೆಯ ಎತ್ತರ ಅದರ ನೂರಕ್ಕೆ 60, ಅಂದರೆ 111 ಮಿ.ಮೀ. ಅದು ಕೂರುವ ಡಿಸ್ಕು 14 ಇಂಚಿನದು. ಎಲ್ಲ ಕೂಡಿಸಿದರೆ ಟೈರಿನ ವ್ಯಾಸ ಸುಮಾರು 578 ಮಿ.ಮೀ. ಮೂವತ್ತು ವರ್ಷದ ಹಿಂದೆ ಇದು ಮಾಮೂಲಿ ಅಳತೆ. ಈಗಿನ ಕಾರುಗಳ ಚಕ್ರಗಳು ದೊಡ್ಡದಾಗುತ್ತಾ ಹೋಗಿವೆ. ಹದಿನಾಲ್ಕು ಇಂಚಿಗೆ ಸ್ಪೋರ್ಟ್ಸ್ ಟೈರು ಹುಡುಕುವುದು ಹಳೇ ಕೊಡೆಗೆ ಕಡ್ಡಿ ಹುಡುಕಿದ ಹಾಗೆ.

ಮಗಳು ಲೆಕ್ಕ ಹಾಕಲು ಕೂತಳು. ಅಂಗಡಿಯವನು ಹೇಳಿದ 185/65 ಹಾಕಿದರೆ ವ್ಯಾಸ 596 ಆಗುತ್ತದೆ, ನೂರಕ್ಕೆ ಮೂರರಷ್ಟು ಹೆಚ್ಚು. ಮೀಟರು 60 ಮೈಲಿ ತೋರಿಸುವಾಗ ಕಾರು ಹತ್ತಿರ ಹತ್ತಿರ 62ರಲ್ಲಿ ಓಡುತ್ತಿರುತ್ತದೆ. 195/60 ಆದರೆ ನೂರಕ್ಕೆ ಎರಡು ಹೆಚ್ಚು. ಐದೂವರೆ ಇಂಚು ಅಗಲದ ನಮ್ಮ ಡಿಸ್ಕಿಗೆ ಅದು ಕೂರುತ್ತದೆ, ಆದರೆ ಅದರ ಮಿತಿ ಅಲ್ಲಿಂದಲೇ ಶುರು. 175/65 ಸುತ್ತಳತೆಯಲ್ಲಿ ಹೆಚ್ಚುಕಡಿಮೆ ಸರಿಹೋಗುತ್ತದೆ, ಆದರೆ ಕಿರಿದು.

"ಅಪ್ಪಾ, ಹದಿನೈದು ಇಂಚಿನ ಡಿಸ್ಕ್ ತಗೊಂಡು 195/50 ಹಾಕಿದ್ರೆ 576 ಬರುತ್ತೆ. ಇದೇ ಅಳತೆ! ಒಳ್ಳೇ ಟೈರೂ ಬೇಕಾದಷ್ಟಿವೆ."

ಅವಳ ಲೆಕ್ಕ ಸರಿಯಾಗಿತ್ತು. ನನ್ನ ಬಾಯಿಂದ ಬಂದದ್ದು, "ಆಗ ಆ ಏಳು ಕಡ್ಡಿಯ ಚಕ್ರ ಏನು ಮಾಡೋದು?" ಅವಳು ಮಾತಾಡಲಿಲ್ಲ. ನನ್ನನ್ನೇ ನೋಡಿದಳು. ಆ ನೋಟದಲ್ಲಿ ಅಪ್ಪನ ಪ್ರಶ್ನೆಯೇ ಇತ್ತು.

ನಮ್ಮ ಮನೆಯಲ್ಲಿ ಟೈರೆಂದರೆ ಅಕ್ಕಿಬೇಳೆಯ ಹಾಗೆ ಲೆಕ್ಕದ ವಸ್ತು. ಸವೆದದ್ದಕ್ಕೆ ರಿಸೋಲ್ ಮಾಡಿಸಿ ಇನ್ನೊಂದು ಜನ್ಮ ಕೊಡುತ್ತಿದ್ದರು. ಆದರೆ ಎಷ್ಟೇ ಕಷ್ಟವಿದ್ದರೂ ಅಪ್ಪ ರಿಸೋಲ್ ಟೈರನ್ನು ಲಾರಿಯ ಮುಂದಕ್ಕೆ ಹಾಕಿದವರಲ್ಲ. "ಶಿರಾಡಿ ಇಳೀವಾಗ ಮುಂದಿನ ಟೈರ್ ಹೋದ್ರೆ ಸ್ಟೇರಿಂಗ್ ನಿಂದಲ್ಲ" ಎನ್ನುತ್ತಿದ್ದರು. ಕ್ಲೀನರ್ ಹುಡುಗನೂ ಮುಂದೇ ಕೂರುತ್ತಾನಲ್ಲ ಎನ್ನುವುದು ಅವರ ಇನ್ನೊಂದು ಮಾತು. ಅವರಿಗಿದ್ದದ್ದು ದುಡ್ಡಿನ ಅಡಚಣೆ, ಆದರೂ ಒಂದು ಗೆರೆ ದಾಟಲಿಲ್ಲ. ನನಗೆ ಆ ಅಡಚಣೆಯಿಲ್ಲ. ಕಾರು ಹುಟ್ಟಿದ ಹಾಗೇ ಇರಬೇಕೆಂಬ ಹಟಕ್ಕೆ ಮಗಳನ್ನು ಕೂರಿಸಿಕೊಂಡು ಹೊರಟಿದ್ದೆ.

ಕೊನೆಗೆ 185/60ರಲ್ಲೇ ಒಂದು ಸಾದಾ ಟೈರು ಸಿಕ್ಕಿತು. ದಿನಾ ಆಫೀಸಿಗೆ ಹೋಗಿಬರುವ ಸಣ್ಣ ಕಾರುಗಳಿಗೆಂದು ಮಾಡಿದ್ದು. ಇಷ್ಟು ವರ್ಷ 'ಇದು ಸ್ಪೋರ್ಟ್ಸ್ ಕಾರಿಗೆ ತಕ್ಕುದಲ್ಲ' ಎಂದು ಮೂಗುಮುರಿದಿದ್ದು ಇದನ್ನೇ. ತರಿಸಲು ಮೂರು ವಾರ ಬೇಕು ಎಂದರು. ಮೂರು ವಾರ ಕಾರು ಗ್ಯಾರೇಜಿನಿಂದ ಹೊರಬರಲಿಲ್ಲ. ಬಂದ ದಿನ ಮಗಳು ಮಂಡಿಯೂರಿ ನಾಲ್ಕೂ ಟೈರಿನ ಅಂಕೆ ಓದಿದಳು. 2824. ಬಾಗಿಲ ಪಕ್ಕದ ಚೀಟಿ ನೋಡಿ 26 ಪೌಂಡು ಗಾಳಿ ಹಾಕಿಸಿದೆವು. "ಇಪ್ಪತ್ತಾರಾ? ಸೈಕಲ್ಲಿಗೂ ಅದಕ್ಕಿಂತ ಜಾಸ್ತಿ ಹಾಕ್ತೀವಲ್ಲೋ!" ಎಂದು ಅಪ್ಪ ನಕ್ಕರು. ನಕ್ಕು ಮುಗಿಸಿ, "ಸ್ಟೆಪ್ನಿ ನೋಡಿದ್ಯಾ?" ಎಂದರು.

ನೋಡಿರಲಿಲ್ಲ. ಡಿಕ್ಕಿ ತೆಗೆದು ಟಾರ್ಚು ಹಿಡಿದೆ. ಅದರ ಮೇಲೆ ಮೂರೇ ಅಂಕೆಯಿದ್ದವು. 2000ಕ್ಕಿಂತ ಹಿಂದಿನ ಟೈರುಗಳಿಗೆ ಹಾಗೆ ಹಾಕುತ್ತಿದ್ದರು. 430, ಅಂದರೆ 1990ರ ನಲವತ್ತಮೂರನೇ ವಾರ. ಕಾರಿನೊಂದಿಗೇ ಬಂದದ್ದು. ಇಡೀ ಕಾರಿನಲ್ಲಿ ಉಳಿದಿದ್ದ ಅಸಲಿ ಟೈರು ಅದೊಂದೇ, ಯಾವ ಕೆಲಸಕ್ಕೂ ಬಾರದ್ದೂ ಅದೊಂದೇ.

ಮಾರನೇ ದಿನ ಅದನ್ನೂ ಬದಲಾಯಿಸಿದೆವು.